ಬೋನ್ಸಾಯ್ ಕುಂಡಕ್ಕೆ ಹಗುರವಾದ ಖನಿಜ ಮಿಶ್ರಣ: ಪರ್ಲೈಟ್, ಪ್ಯೂಮಿಸ್, ಲಾವಾ ಕಲ್ಲುಗಳಲ್ಲಿ ಯಾವುದನ್ನು ಆರಿಸುವುದು?

ಪ್ರಶ್ನೆ: ತಟ್ಟೆಗಿಡ

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಚಿಕ್ಕವು ದೊಡ್ಡವು ಸೇರಿ 23 ಬೋನ್ಸಾಯ್, ಅಂದರೆ ಆಳವಿಲ್ಲದ ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಗಿಡಗಳಿವೆ. ಹೆಚ್ಚಿನವು ಆಲದ ಕುಲಕ್ಕೆ ಸೇರಿದ ಫೈಕಸ್‌ಗಳು; ಜೊತೆಗೆ ನಾಲ್ಕು ಜುನಿಪರ್, ಎರಡು ಪೈನ್ ಮತ್ತು ಒಂದು ಅಜೇಲಿಯಾ. ಇಷ್ಟು ವರ್ಷ ಜಲ್ಲಿಯ ಸಣ್ಣ ಚೂರು, ದಪ್ಪ ಮರಳು ಮತ್ತು ಸ್ವಲ್ಪ ಎಲೆಗೊಬ್ಬರ ಸೇರಿಸಿದ ಮಿಶ್ರಣವನ್ನೇ ಬಳಸುತ್ತ ಬಂದಿದ್ದೇನೆ. ಗಿಡಗಳು ಅದರಲ್ಲಿ ಕೆಟ್ಟದಾಗಿಯೇನೂ ಬೆಳೆದಿಲ್ಲ. ತೊಂದರೆ ಇರುವುದು ಭಾರದಲ್ಲಿ. ದೊಡ್ಡ ಫೈಕಸ್ ಇರುವ ಕುಂಡದ ಒಳಅಳತೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 10 ಸೆಂ.ಮೀ. ಆಳ. ನೀರು ಹಾಕಿದ ಮೇಲೆ ಇಬ್ಬರು ಹಿಡಿದರೂ ಅದು ಸುಲಭವಾಗಿ ಅಲುಗುವುದಿಲ್ಲ. ಗಿಡವನ್ನು ಬೆಳಕಿಗೆ ತಿರುಗಿಸಿಡುವ ಕೆಲಸವನ್ನು ಇದೇ ಕಾರಣಕ್ಕೆ ತಿಂಗಳುಗಟ್ಟಲೆ ಮುಂದೂಡುತ್ತ ಬಂದೆ. ಈಗ ಗೋಡೆಯ ಕಡೆಗಿರುವ ಕೊಂಬೆಗಳು ಸೊರಗತೊಡಗಿವೆ.

ಭಾರ ಇಳಿಸಬೇಕೆಂದು ಹೋದ ವರ್ಷ ಎರಡು ಜುನಿಪರ್‌ಗಳನ್ನು ಮುಕ್ಕಾಲು ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಖನಿಜ ಹರಳು) ಇರುವ ಮಿಶ್ರಣಕ್ಕೆ ವರ್ಗಾಯಿಸಿದೆ. ಕುಂಡ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಯಿತು, ನಿಜ. ಆದರೆ ಪ್ರತಿ ಸಲ ನೀರು ಹಾಕಿದಾಗಲೂ ಬಿಳಿ ಹರಳುಗಳು ಮೇಲಕ್ಕೆ ತೇಲಿ ಬಂದು ಕುಂಡದ ಅಂಚಿನಿಂದ ಆಚೆ ಹರಿದುಹೋಗುತ್ತವೆ. ಒಂದು ಗಿಡ ಗಾಳಿಗೆ ವಾಲಿಕೊಂಡಿತು. ಅದನ್ನು ಸರಿಪಡಿಸಲು ಕುಂಡದಿಂದ ತೆಗೆದು ನೋಡಿದಾಗ ತಳದಲ್ಲಿ ಸುಮಾರು ಒಂದು ಬೆರಳಿನಷ್ಟು ದಪ್ಪಕ್ಕೆ ಪರ್ಲೈಟ್ ನುಗ್ಗಾಗಿ, ಕಲಸಿದ ಸುಣ್ಣದಂತೆ ಅಂಟಿಕೊಂಡಿತ್ತು. ಅಲ್ಲಿದ್ದ ಬೇರುಗಳು ಕಂದುಬಣ್ಣಕ್ಕೆ ತಿರುಗಿದ್ದವು.

ಹಾಗಾಗಿ ಪರ್ಲೈಟ್ ಬಿಟ್ಟು ಪ್ಯೂಮಿಸ್ (ರಂಧ್ರಗಳಿರುವ ಹಗುರವಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಸುಟ್ಟ ಜೇಡಿಮಣ್ಣಿನ ಹರಳು, ಉಬ್ಬಿಸಿದ ಜೇಡಿಯ ಗುಂಡುಗಳು ಇವುಗಳಲ್ಲಿ ಯಾವುದು ಭಾರವನ್ನೂ ಇಳಿಸುತ್ತದೆ, ಬೇರಿಗೂ ಒಪ್ಪುತ್ತದೆ ಎಂಬುದನ್ನು ತಿಳಿಯಬೇಕಾಗಿದೆ. ವರ್ಮಿಕ್ಯುಲೈಟ್ ಕೂಡ ಹಗುರವೆಂದು ಕೇಳಿದ್ದೇನೆ. ಎಲ್ಲ ಗಿಡಗಳಿಗೂ ಒಂದೇ ಮಿಶ್ರಣ ಸಾಕೇ, ಇಲ್ಲವೇ ಜಾತಿಗೊಂದು ಮಾಡಬೇಕೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಜರಡಿ

ತಟ್ಟೆಗಿಡ ಅವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕೆಂದರೆ, ಪ್ಯೂಮಿಸ್ಸನ್ನು ಮುಖ್ಯವಾಗಿಟ್ಟುಕೊಂಡು ಅದಕ್ಕೆ ಲಾವಾ ಕಲ್ಲು ಮತ್ತು ಸುಟ್ಟ ಜೇಡಿಯ ಹರಳನ್ನು ಸೇರಿಸಿಕೊಳ್ಳಿ. ಆದರೆ ಯಾಕೆ ಎನ್ನುವುದನ್ನು ಹೇಳದಿದ್ದರೆ ಈ ಉತ್ತರದಿಂದ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಒಂದೇ ಹೆಸರಿನಲ್ಲಿ ಸಿಗುವ ವಸ್ತುಗಳ ಗುಣ ಒಂದು ಚೀಲದಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಮೊದಲು ಭಾರದ ವಿಷಯ. ಚೀಲದಲ್ಲಿ ಒಣಗಿರುವಾಗಿನ ತೂಕವನ್ನು ನೋಡಿ ಒಂದು ವಸ್ತುವನ್ನು ಹಗುರವೆಂದು ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ನೀವು ಎತ್ತುವುದು ನೀರು ಕುಡಿದ ಕುಂಡವನ್ನು. ನಿಮ್ಮ ಕುಂಡದ ಅಳತೆಯಂತೆ ಅದರಲ್ಲಿ 24 ಲೀಟರ್ ಮಿಶ್ರಣ ಹಿಡಿಯುತ್ತದೆ. ಜಲ್ಲಿಚೂರು ಒಂದು ಲೀಟರಿಗೆ ಸುಮಾರು 1.5 ಕಿಲೊ ತೂಗುವುದರಿಂದ ಒಣಗಿದ್ದಾಗಲೇ 36 ಕಿಲೊ. ಅದು ಹಿಡಿದಿಡುವ ನೀರು ಕಡಿಮೆ, ಮೂರೂವರೆ ಕಿಲೊ ಎಂದಿಟ್ಟುಕೊಂಡರೆ ಒಟ್ಟು ಸುಮಾರು 40 ಕಿಲೊ. ಪ್ಯೂಮಿಸ್ ಲೀಟರಿಗೆ 600 ಗ್ರಾಂ ಆಸುಪಾಸಿನಲ್ಲಿದ್ದರೆ ಒಣತೂಕ 14.4 ಕಿಲೊ, ಅದರ ರಂಧ್ರಗಳಲ್ಲಿ ಮತ್ತು ಹರಳುಗಳ ಸಂದಿನಲ್ಲಿ ನಿಲ್ಲುವ ನೀರು ಎಂಟು ಕಿಲೊ, ಒಟ್ಟು 22 ಕಿಲೊದ ಹತ್ತಿರ. ಪರ್ಲೈಟ್ ಲೀಟರಿಗೆ ನೂರು ಗ್ರಾಂ ಇದ್ದರೂ ಅಷ್ಟೇ ನೀರು ಹಿಡಿಯುವುದರಿಂದ ಹತ್ತೂವರೆ ಕಿಲೊದವರೆಗೆ ಹೋಗುತ್ತದೆ. ಅಂದರೆ ಒಣಗಿದ್ದಾಗ ಪ್ಯೂಮಿಸ್ ಪರ್ಲೈಟಿಗಿಂತ ಆರು ಪಟ್ಟು ಭಾರವಾಗಿ ಕಂಡರೂ, ನೀರು ಕುಡಿದ ಮೇಲೆ ಎರಡು ಪಟ್ಟಿಗಿಂತ ತುಸುವೇ ಹೆಚ್ಚಿರುತ್ತದೆ. ಜಲ್ಲಿಯಿಂದ ಪ್ಯೂಮಿಸ್ಸಿಗೆ ಬಂದರೆ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚಿನ ಆಸೆಗೆ ಬೀಳಬಾರದೆಂಬುದು ನನ್ನ ಅಭಿಪ್ರಾಯ. ಗಿಡ ನೆಟ್ಟಗೆ ನಿಲ್ಲುವುದಕ್ಕೂ ಕುಂಡದಲ್ಲಿ ಸ್ವಲ್ಪ ತೂಕ ಬೇಕು.

ಪರ್ಲೈಟ್ ನುಗ್ಗಾದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಮೂಲತಃ ಜ್ವಾಲಾಮುಖಿಯ ಗಾಜು. ಅದರೊಳಗೆ ಸಿಕ್ಕಿಬಿದ್ದಿರುವ ಅಲ್ಪಸ್ವಲ್ಪ ನೀರು, ಕುಲುಮೆಯಲ್ಲಿ 850 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆವಿಯಾಗಿ, ಮೆತ್ತಗಾದ ಗಾಜನ್ನು ಅರಳಿನಂತೆ ಉಬ್ಬಿಸುತ್ತದೆ. ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಗೋಡೆಗಳು ಮಾತ್ರ ಹಾಳೆಯಂತೆ ತೆಳ್ಳಗಾಗುತ್ತವೆ. ಕುಂಡ ಬದಲಿಸುವಾಗ ನಾವು ಕಡ್ಡಿಯಿಂದ ಚುಚ್ಚಿ ಚುಚ್ಚಿ ಬೇರಿನ ಸಂದಿಗೆ ಮಿಶ್ರಣ ತುಂಬುತ್ತೇವಲ್ಲ, ಆ ಒತ್ತಡಕ್ಕೇ ಅರ್ಧ ಹರಳು ಒಡೆಯುತ್ತದೆ. ಪ್ಯೂಮಿಸ್ ಕೂಡ ಗಾಜಿನ ನೊರೆಯೇ, ಆದರೆ ಅದು ಜ್ವಾಲಾಮುಖಿಯ ಬಾಯಲ್ಲೇ ನೊರೆಯಾಗಿ ಆರಿದ್ದು. ಗೋಡೆ ದಪ್ಪ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದಿಲ್ಲ. ಲಾವಾ ಕಲ್ಲು, ಅಂದರೆ ಸ್ಕೋರಿಯಾ, ಇನ್ನೂ ಗಟ್ಟಿ, ಇನ್ನೂ ಭಾರ, ನೀರಿನಲ್ಲಿ ಮುಳುಗುತ್ತದೆ. ಅದರ ಕೆಂಪು ಅಥವಾ ಕಪ್ಪು ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ಚೂಪಾದ ಅಂಚುಗಳು ಒಂದರಲ್ಲೊಂದು ಸಿಕ್ಕಿಕೊಂಡು ಗಿಡವನ್ನು ಬಿಗಿಯಾಗಿ ಹಿಡಿಯುವುದರಿಂದ ನಾಲ್ಕರಲ್ಲಿ ಒಂದು ಪಾಲು ಅದನ್ನು ಸೇರಿಸುವುದು ನನ್ನ ರೂಢಿ.

ವರ್ಮಿಕ್ಯುಲೈಟನ್ನು ಬೋನ್ಸಾಯ್ ಕುಂಡಕ್ಕೆ ಬೇಡವೆಂದೇ ಹೇಳುತ್ತೇನೆ. ಕಾಗೆಬಂಗಾರದಂತೆ ಪದರಪದರವಾಗಿರುವ ಆ ಖನಿಜವನ್ನು ಕಾಯಿಸಿದಾಗ ಅಕಾರ್ಡಿಯನ್ ವಾದ್ಯದ ತಿದಿಯ ಹಾಗೆ ತೆರೆದುಕೊಳ್ಳುತ್ತದೆ. ಗೊಬ್ಬರವನ್ನು ಹಿಡಿದಿಡುವುದರಲ್ಲಿ ಅದು ಗಟ್ಟಿಗ. ಆದರೆ ಕೆಲವು ತಿಂಗಳು ಒದ್ದೆಯಾಗಿದ್ದರೆ ಆ ಪದರಗಳು ಮತ್ತೆ ಒತ್ತಿಕೊಂಡು ಮೆತ್ತಗಾಗುತ್ತವೆ. ಬೀಜ ಮೊಳೆಸುವ ತಟ್ಟೆಗೆ ಅದು ಚೆನ್ನು. ಎರಡು ಮೂರು ವರ್ಷ ಕದಲಿಸದೆ ಇಡುವ ಗಿಡಕ್ಕಲ್ಲ.

ಇನ್ನು ನನ್ನ ಹೆಸರಿಗೆ ತಕ್ಕ ಮಾತು. ಯಾವ ವಸ್ತುವನ್ನೇ ಕೊಳ್ಳಿ, ಜರಡಿ ಹಿಡಿಯದೆ ಬಳಸಬೇಡಿ. ಸಾಮಾನ್ಯ ಗಾತ್ರದ ಗಿಡಗಳಿಗೆ 3ರಿಂದ 6 ಮಿ.ಮೀ. ಹರಳು, ಅಂಗೈಯಗಲದ ಗಿಡಗಳಿಗೆ 2ರಿಂದ 3 ಮಿ.ಮೀ. ಒಂದೂವರೆ ಮಿಲಿಮೀಟರಿಗಿಂತ ಸಣ್ಣದೆಲ್ಲ ಹೊರಗೆ. ಜರಡಿ ಹಿಡಿಯುವ ಮೊದಲು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಈ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಉತ್ತರ 2: ಬಿಳಲು

ಜರಡಿಯವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಜುನಿಪರಿನ ಬೇರು ಕೊಳೆತದ್ದಕ್ಕೆ ಪರ್ಲೈಟ್ ಪುಡಿಯಾದದ್ದು ಅರ್ಧ ಕಾರಣ ಮಾತ್ರ. ಉಳಿದ ಅರ್ಧ ಕುಂಡದ ಆಳದಲ್ಲಿದೆ.

ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಡ್ಡಲಾಗಿ ಅಂಗೈಯ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಹಿಂಡದೆ, ಸುಮ್ಮನೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ರಂಧ್ರಗಳು ಅವೇ. ಬದಲಾದದ್ದು ಎತ್ತರ ಮಾತ್ರ. ಕುಂಡದಲ್ಲಿಯೂ ಹೀಗೆಯೇ. ನೀರೆಲ್ಲ ಬಸಿದುಹೋದ ಮೇಲೂ ತಳದಲ್ಲಿ ಒಂದಷ್ಟು ಎತ್ತರದವರೆಗೆ ಎಲ್ಲ ಸಂದುಗಳೂ ನೀರಿನಿಂದ ತುಂಬಿಯೇ ಇರುತ್ತವೆ. ಆ ಎತ್ತರವನ್ನು ನಿರ್ಧರಿಸುವುದು ಹರಳಿನ ಗಾತ್ರವೇ ಹೊರತು ಕುಂಡದ ಆಳವಲ್ಲ. ಸಣ್ಣ ಪುಡಿಯಿದ್ದರೆ ಅದು ನಾಲ್ಕೈದು ಸೆಂಟಿಮೀಟರ್ ಆಗಬಹುದು. 30 ಸೆಂ.ಮೀ. ಆಳದ ಕುಂಡದಲ್ಲಿ ಅದು ಲೆಕ್ಕಕ್ಕಿಲ್ಲ. ನಿಮ್ಮ 10 ಸೆಂ.ಮೀ. ಆಳದ ತಟ್ಟೆಯಲ್ಲಿ ಅದು ಅರ್ಧ ಕುಂಡ! ಹರಳು 3 ಮಿ.ಮೀ. ಮೀರಿದರೆ ಈ ನಿಂತ ನೀರಿನ ಪದರ ತೀರಾ ತೆಳುವಾಗುತ್ತದೆ. ಬೋನ್ಸಾಯ್ ಮಾಡುವವರು ಜರಡಿಯ ಬಗ್ಗೆ ಇಷ್ಟೊಂದು ಹಟ ಹಿಡಿಯುವುದು ಇದಕ್ಕೇ.

ಬಹಳ ಜನ ತಳದಲ್ಲಿ ದಪ್ಪ ಕಲ್ಲಿನ ಪದರ ಹಾಕಿ, ನೀರು ಬಸಿಯಲು ಅನುಕೂಲವಾಯಿತೆಂದು ತಿಳಿಯುತ್ತಾರೆ. ಆಗುವುದು ತಿರುಗುಮುರುಗು. ಸಣ್ಣ ಹರಳಿನಿಂದ ದಪ್ಪ ಕಲ್ಲಿಗೆ ನೀರು ಸುಲಭವಾಗಿ ಇಳಿಯದ ಕಾರಣ, ಅದೇ ನಿಂತ ನೀರು ಕಲ್ಲಿನ ಪದರದ ಮೇಲೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರದಲ್ಲಿ ನಿಲ್ಲುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಗಾತ್ರದ ಮಿಶ್ರಣ ತುಂಬುವುದು ಮೇಲು.

ಉಬ್ಬಿಸಿದ ಜೇಡಿಯ ಗುಂಡುಗಳ ಬಗ್ಗೆ ಕೇಳಿದ್ದೀರಿ. ಲೀಕಾ ಎಂಬ ಹೆಸರಿನಲ್ಲಿ ಬರುವ ಇವು ಸುಮಾರು 1,200 ಡಿಗ್ರಿ ಶಾಖದ ತಿರುಗುವ ಕುಲುಮೆಯಲ್ಲಿ ತಯಾರಾಗುತ್ತವೆ. ಪ್ಯೂಮಿಸ್ಸಿಗಿಂತ ಹಗುರ, ಪರ್ಲೈಟಿಗಿಂತ ಎಷ್ಟೋ ಗಟ್ಟಿ. ಎರಡು ಕೊರತೆಗಳಿವೆ. ಗುಂಡಗಿರುವುದರಿಂದ ಒಂದರ ಮೇಲೊಂದು ಜಾರಿ ಗಿಡ ಅಲ್ಲಾಡುತ್ತದೆ. ಹೊರಮೈ ಗಟ್ಟಿಯಾಗಿ ಬೆಂದಿರುವುದರಿಂದ ಒಳಗಿನ ರಂಧ್ರಗಳಿಗೆ ನೀರು ನಿಧಾನವಾಗಿ ಹೋಗುತ್ತದೆ. ನಾನು ಅವನ್ನು ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಬಡಿದು, ಒಡೆದ ಚೂರುಗಳನ್ನು ಜರಡಿ ಹಿಡಿದು ಬಳಸುತ್ತೇನೆ. ಒಡೆದ ಮೇಲೆ ಎರಡೂ ದೋಷ ಹೋಗುತ್ತದೆ. ಪ್ಯೂಮಿಸ್ ಸಿಗದವರಿಗೆ ಇದಕ್ಕಿಂತ ಒಳ್ಳೆಯ ಬದಲಿ ನನಗೆ ಗೊತ್ತಿಲ್ಲ, ರಟ್ಟೆ ನೋವು ಬಿಟ್ಟರೆ.

ಇಟ್ಟಿಗೆ ಚೂರಿನ ಹೆಸರನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಬೆಂದ ಇಟ್ಟಿಗೆ ಒಳ್ಳೆಯ ವಸ್ತುವೇ, ಆದರೆ ಹಗುರವಲ್ಲ. ಅರೆಬೆಂದದ್ದು ಒಂದು ಮಳೆಗೆ ಕೆಸರಾಗುತ್ತದೆ. ಹಳೆಯ ಗೋಡೆಯದಾದರೆ ಅಂಟಿಕೊಂಡ ಗಾರೆಯ ಸುಣ್ಣ ಮಿಶ್ರಣದ ರಸಸಾರವನ್ನು (ಪಿಎಚ್) ಏರಿಸಿ ಕ್ಷಾರೀಯಗೊಳಿಸುತ್ತದೆ, ಅದರಲ್ಲಿಯೂ ನಿಮ್ಮ ಅಜೇಲಿಯಾ ಅದನ್ನು ಸಹಿಸುವುದಿಲ್ಲ.

ತಟ್ಟೆಗಿಡ

ಇಬ್ಬರಿಗೂ ಧನ್ಯವಾದಗಳು. ಸ್ಪಂಜಿನ ಪ್ರಯೋಗವನ್ನು ಈಗಷ್ಟೇ ಮಾಡಿ ನೋಡಿದೆ; ಉದ್ದಕ್ಕೆ ನಿಲ್ಲಿಸಿದಾಗ ಅರ್ಧ ಲೋಟದಷ್ಟು ನೀರು ಬಿತ್ತು. ಎರಡು ಸಂದೇಹಗಳು ಉಳಿದಿವೆ. ಎಲೆಗೊಬ್ಬರವನ್ನು ಪೂರ್ತಿ ಬಿಟ್ಟರೆ ಗಿಡಕ್ಕೆ ಆಹಾರ ಎಲ್ಲಿಂದ? ಮತ್ತು ಬೋನ್ಸಾಯ್ ಎಂದರೆ ಅಕಡಾಮಾ ಇರಲೇಬೇಕೆಂದು ಹೇಳುವವರಿದ್ದಾರೆ, ಅದು ಹಗುರವೇ?

ಉತ್ತರ 3: ಚಿಗುರುಗಣ್ಣು

ಅಕಡಾಮಾ ಎಂದರೆ ಜಪಾನಿನ ಕಾಂಟೊ ಪ್ರದೇಶದ ಜ್ವಾಲಾಮುಖಿ ಬೂದಿಯಿಂದಾದ ಜೇಡಿಮಣ್ಣನ್ನು ಅಗೆದು, ಒಣಗಿಸಿ, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದದ್ದು. ಒಣಗಿದ್ದಾಗ ಹಗುರವಾಗಿಯೇ ಇರುತ್ತದೆ, ನೀರು ಕುಡಿದ ಮೇಲೆ ಆ ಮಾತು ಹೇಳಲಾಗದು. ಅದರ ವಿಶೇಷ ಬೇರೆ: ಹರಳು ಮೆತ್ತಗಿರುವುದರಿಂದ ಕೂದಲಿನಷ್ಟು ಸಣ್ಣ ಬೇರುಗಳು ಹರಳನ್ನೇ ಸೀಳಿಕೊಂಡು ಒಳಗೆ ಹೋಗಿ ಕವಲೊಡೆಯುತ್ತವೆ. ಅದೇ ಮೆತ್ತನೆಯ ಗುಣದಿಂದ ಅದು ಎರಡು ಮೂರು ವರ್ಷಗಳಲ್ಲಿ ಕುಸಿದು ಮಣ್ಣಾಗುತ್ತದೆ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಇನ್ನೂ ಬೇಗ. ನಿಯಮಿತವಾಗಿ ಕುಂಡ ಬದಲಿಸುವವರಿಗೆ ಅದು ಸರಿ. ಇಷ್ಟು ದೊಡ್ಡ ಕುಂಡವನ್ನು ಮುಟ್ಟಲು ಹಿಂಜರಿಯುವ ನಿಮಗೆ, ಒಂದೇ ಆಕಾರದಲ್ಲಿ ವರ್ಷಗಟ್ಟಲೆ ಉಳಿಯುವ ಪ್ಯೂಮಿಸ್ಸೇ ಸರಿಯೆಂದು ತೋರುತ್ತದೆ.

ಅಜೇಲಿಯಾವನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ. ಅದಕ್ಕೆ ಕನುಮಾ ಎಂಬ ಹರಳು ಒಪ್ಪುತ್ತದೆ. ತೊಚಿಗಿ ಪ್ರಾಂತ್ಯದ ಕನುಮಾ ಊರಿನ ಸುತ್ತ ನೆಲದಡಿಯಲ್ಲಿ ಸಿಗುವ ಇದು, ಅಕಾಗಿ ಪರ್ವತದ ಪ್ರಾಚೀನ ಸ್ಫೋಟವೊಂದರಲ್ಲಿ ಬಿದ್ದ ಪ್ಯೂಮಿಸ್ ಶಿಥಿಲವಾಗಿ ಆದದ್ದು. ಸ್ವಭಾವ ಆಮ್ಲೀಯ, ತೂಕ ಬಹಳ ಕಡಿಮೆ. ಒದ್ದೆಯಾದಾಗ ಹಳದಿ, ಒಣಗಿದಾಗ ಕೆನೆಬಣ್ಣ. ನೀರು ಯಾವಾಗ ಹಾಕಬೇಕೆಂದು ಅದೇ ಹೇಳುತ್ತದೆ. ಬೆರಳಿಗೆ ಪುಡಿಯಾಗುವಷ್ಟು ಮೆತ್ತಗಿರುವುದರಿಂದ ಕಡ್ಡಿಯಿಂದ ಚುಚ್ಚುವಾಗ ಕೈ ಹಗುರವಾಗಿರಲಿ.

ಆಹಾರದ ಪ್ರಶ್ನೆಗೆ ಬರುತ್ತೇನೆ. ಅಮೋನಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಪೋಷಕಾಂಶಗಳೆಲ್ಲ ಧನಾತ್ಮಕ ಅಯಾನುಗಳು, ಅಂದರೆ ಧನ ವಿದ್ಯುದಂಶವಿರುವ ಕಣಗಳು. ಜೇಡಿಯ ಮೈಯಲ್ಲಿ ಋಣಾತ್ಮಕ ವಿದ್ಯುದಂಶ ಇರುವುದರಿಂದ ಅವು ಅದಕ್ಕೆ ಅಂಟಿಕೊಂಡು, ಬೇರು ಕೇಳಿದಾಗ ಬಿಡುಗಡೆಯಾಗುತ್ತವೆ. ಪರ್ಲೈಟಿಗೆ ಈ ಶಕ್ತಿ ಇಲ್ಲವೆಂದೇ ಹೇಳಬಹುದು, ಪ್ಯೂಮಿಸ್ ಮತ್ತು ಲಾವಾ ಕಲ್ಲಿಗೆ ಅಲ್ಪ. ಸುಟ್ಟ ಜೇಡಿಯ ಹರಳಿಗೆ ಒಂದು ಮಟ್ಟಿಗೆ ಇದೆ, ಹಾಗಾಗಿ ಜರಡಿಯವರು ಅದನ್ನು ಸೇರಿಸಲು ಹೇಳಿದ್ದು ಸರಿ. ಎಲ್ಲಕ್ಕಿಂತ ಹೆಚ್ಚು ಇರುವುದು ಜಿಯೊಲೈಟ್ ಎಂಬ ರಂಧ್ರಮಯ ಖನಿಜದಲ್ಲಿ. ಅದು ಭಾರವಾದ್ದರಿಂದ ಹತ್ತರಲ್ಲಿ ಅರ್ಧ ಪಾಲಿಗಿಂತ ಹೆಚ್ಚು ಬೇಡ. ಇಷ್ಟಾದರೂ ಖನಿಜ ಮಿಶ್ರಣ ನಿಮ್ಮ ಹಳೆಯ ಮಿಶ್ರಣದಂತೆ ಗೊಬ್ಬರವನ್ನು ಕೂಡಿಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹಾಗಾಗಿ ಒಂದೇ ಸಲ ಹೆಚ್ಚು ಹಾಕದೆ, ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧ ಅಥವಾ ಕಾಲು ಭಾಗದಷ್ಟು ದ್ರವಗೊಬ್ಬರ ಕೊಡಿ. ಇಲ್ಲವೇ ನಿಧಾನವಾಗಿ ಕರಗುವ ಹಿಂಡಿಯ ಉಂಡೆಗಳನ್ನು ಮೇಲ್ಮೈಯಲ್ಲಿಡಿ. ಎಲೆಗೊಬ್ಬರವನ್ನು ಮಿಶ್ರಣಕ್ಕೆ ಸೇರಿಸಿದರೆ ಅದು ಕೊಳೆತು ಪುಡಿಯಾಗಿ, ಜರಡಿ ಹಿಡಿದು ತೆರವು ಮಾಡಿದ ಸಂದುಗಳನ್ನೇ ಮತ್ತೆ ತುಂಬುತ್ತದೆ.

ಉತ್ತರ 4: ತಂತಿಕಟ್ಟು

ವಾಲಿದ ಗಿಡದ ವಿಷಯವನ್ನು ಯಾರೂ ಹೇಳಲಿಲ್ಲ. ಹಗುರವಾದ ಮಿಶ್ರಣದಲ್ಲಿ ಗಿಡವನ್ನು ಕುಂಡಕ್ಕೆ ಕಟ್ಟಲೇಬೇಕು. ನೀರು ಬಸಿಯುವ ತೂತುಗಳ ಮೂಲಕ ಕೆಳಗಿನಿಂದ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಂತಿ ತೂರಿಸಿ, ಬೇರಿನ ಮುದ್ದೆಯ ಮೇಲೆ ತಂದು, ಇಕ್ಕಳದಿಂದ ತಿರುಚಿ ಬಿಗಿಗೊಳಿಸಿ. ಕಾಂಡ ಹಿಡಿದು ಮೆಲ್ಲನೆ ಅಲ್ಲಾಡಿಸಿದರೆ ಗಿಡದ ಜೊತೆ ಕುಂಡವೂ ಅಲ್ಲಾಡಬೇಕು. ಗಿಡ ಮಾತ್ರ ಅಲ್ಲಾಡಿದರೆ ಇನ್ನೊಂದು ಸುತ್ತು ಬಿಗಿಯಾಗಬೇಕೆಂದು ಅರ್ಥ. ಗಿಡ ಕದಲುತ್ತಿದ್ದರೆ ಹೊಸದಾಗಿ ಬಂದ ಬೇರಿನ ತುದಿಗಳು ಪ್ರತಿ ಗಾಳಿಗೂ ಹರಿಯುತ್ತವೆ.

ಇನ್ನೊಂದು ಎಚ್ಚರಿಕೆ. ಫೈಕಸ್ಸಿನ ಹಳೆಯ ಮಣ್ಣನ್ನೆಲ್ಲ ಒಂದೇ ಸಲಕ್ಕೆ ತೊಳೆದು ತೆಗೆದರೂ ಅದು ಚೇತರಿಸಿಕೊಳ್ಳುತ್ತದೆ. ಜುನಿಪರ್ ಮತ್ತು ಪೈನ್‌ಗಳಲ್ಲಿ ಹಾಗೆ ಮಾಡಬೇಡಿ. ಈ ಸಲ ಅರ್ಧ ಭಾಗ, ಮುಂದಿನ ಸಲ ಉಳಿದರ್ಧ. ಪೈನ್ ಬೇರಿನಲ್ಲಿ ಬಿಳಿ ಬೂಜಿನಂತೆ ಕಾಣುವುದು ಬೇರಿಗೆ ನೆರವಾಗುವ ಶಿಲೀಂಧ್ರವಾಗಿರಬಹುದು, ಕೊಳೆಯೆಂದು ತಿಳಿದು ತೊಳೆದುಹಾಕಬೇಡಿ. ಹಾಗೆ ಉಳಿಸಿದ ಹಳೆಯ ಮಣ್ಣಿನ ಮುದ್ದೆಗೆ ನೀರು ಹೋಗುತ್ತಿದೆಯೇ ಎಂಬುದನ್ನು ಮಾತ್ರ ಆಗಾಗ ಕಡ್ಡಿ ಚುಚ್ಚಿ ನೋಡಿ, ಏಕೆಂದರೆ ಸುತ್ತಲಿನ ದಪ್ಪ ಹರಳಿನಲ್ಲಿ ನೀರು ಸರ್ರನೆ ಇಳಿದು, ನಡುವಿನ ಮುದ್ದೆ ಒಣಗಿಯೇ ಉಳಿದುಬಿಡುವುದುಂಟು.

ಜರಡಿ

ಚಿಗುರುಗಣ್ಣು ಮತ್ತು ತಂತಿಕಟ್ಟು ಅವರು ಹೇಳಿದ್ದಕ್ಕೆ ಒಂದು ಪರೀಕ್ಷೆಯನ್ನು ಸೇರಿಸುತ್ತೇನೆ, ಇದನ್ನು ಮಾಡದೆ ಇಪ್ಪತ್ತನಾಲ್ಕು ಲೀಟರ್ ಮಿಶ್ರಣ ಕಲಸಬೇಡಿ. ನಿಮ್ಮ ಕುಂಡದಷ್ಟೇ, ಅಂದರೆ 10 ಸೆಂ.ಮೀ. ಆಳವಿರುವ, ಒಂದು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ನಾಲ್ಕೈದು ತೂತು ಮಾಡಿ, ಟೇಪಿನಿಂದ ಮುಚ್ಚಿ. ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟ ಮಿಶ್ರಣವನ್ನು ಅದರಲ್ಲಿ ತುಂಬಿ, ಮೇಲ್ಮೈ ಮಿನುಗುವವರೆಗೆ ನೀರು ಹಾಕಿ. ಆಮೇಲೆ ಅಳತೆಯ ಪಾತ್ರೆಯ ಮೇಲೆ ಹಿಡಿದು ಟೇಪ್ ಕೀಳಿ. ಎಷ್ಟು ಮಿಲಿಲೀಟರ್ ಬಸಿಯಿತೋ ಅಷ್ಟು ಜಾಗಕ್ಕೆ ಈಗ ಗಾಳಿ ಬಂದಿದೆ. 200ಕ್ಕಿಂತ ಕಡಿಮೆಯಾದರೆ ಹರಳು ಸಣ್ಣದು ಅಥವಾ ಪುಡಿ ಉಳಿದಿದೆ. 250ರಿಂದ 300 ಬಂದರೆ ನನಗೆ ತೃಪ್ತಿ. ಬಸಿದ ಡಬ್ಬಿಯನ್ನು ಹಾಗೆಯೇ ತಕ್ಕಡಿಗೆ ಇಟ್ಟರೆ ನೀವು ಎತ್ತಬೇಕಾದ ನಿಜವಾದ ಭಾರವೂ ತಿಳಿಯುತ್ತದೆ.

ತಟ್ಟೆಗಿಡ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಎರಡು ಡಬ್ಬಿಗಳಲ್ಲಿ ಪರೀಕ್ಷೆ ಮಾಡಿದೆ. ನನ್ನ ಹಳೆಯ ಮಿಶ್ರಣದಿಂದ ಬಸಿದದ್ದು 110 ಮಿ.ಲೀ. ಮಾತ್ರ, ಡಬ್ಬಿಯ ತೂಕ ಕಳೆದು 1.78 ಕಿಲೊ ಬಂತು. ಪ್ಯೂಮಿಸ್ ಎರಡು ಪಾಲು, ಲಾವಾ ಕಲ್ಲು ಒಂದು, ಸುಟ್ಟ ಜೇಡಿಯ ಹರಳು ಒಂದು ಪಾಲು ಸೇರಿಸಿದ್ದರಲ್ಲಿ 260 ಮಿ.ಲೀ. ಬಸಿಯಿತು, ತೂಕ 1.02 ಕಿಲೊ. ದೊಡ್ಡ ಕುಂಡಕ್ಕೆ ಗುಣಿಸಿದರೆ 18 ಕಿಲೊ ಕಡಿಮೆಯಾಗುತ್ತದೆ. ಸುಟ್ಟ ಜೇಡಿಯ ಹರಳೆಂದು ಮೊದಲು ತಂದಿದ್ದ ಚೀಲವೊಂದು ರಾತ್ರಿ ನೆನೆಸಿಟ್ಟದ್ದರಲ್ಲೇ ಬೆಳಿಗ್ಗೆ ಮೊಸರಿನಂತಾಗಿತ್ತು. ಅದು ಬೆಕ್ಕಿನ ಮಲಮೂತ್ರದ ತಟ್ಟೆಗೆ ಹಾಕುವ, ಸರಿಯಾಗಿ ಸುಡದ ಜೇಡಿ. ನೆನೆಸಿ ನೋಡದೆ ಹಾಕಿದ್ದರೆ ಗತಿಯೇನಾಗುತ್ತಿತ್ತೋ.

ಫೈಕಸ್ಸನ್ನು ನಿನ್ನೆ ಹೊಸ ಮಿಶ್ರಣಕ್ಕೆ ಹಾಕಿ, ನಾಲ್ಕು ಕಡೆ ತಂತಿಯಿಂದ ಕಟ್ಟಿದ್ದೇನೆ. ಜುನಿಪರ್‌ಗಳಿಗೆ ಇನ್ನೂ ಕಾಲ ಬರಬೇಕು. ಜರಡಿಯಿಂದ ಉದುರಿದ ಸಣ್ಣ ಪುಡಿ ಎರಡು ಬಕೆಟ್ ಆಗಿದೆ. ಅದನ್ನು ಏನು ಮಾಡುವುದು?

ಜರಡಿ

ಇನ್ನೊಮ್ಮೆ ಸಣ್ಣ ಜರಡಿಯಲ್ಲಿ ಹಿಡಿಯಿರಿ. ಒಂದರಿಂದ ಎರಡು ಮಿ.ಮೀ. ಇರುವುದನ್ನು ಕಡ್ಡಿ ನೆಟ್ಟು ಬೇರು ಬರಿಸುವ ತಟ್ಟೆಗಳಿಗೂ, ಹೆಬ್ಬೆರಳಿನಷ್ಟಿರುವ ಗಿಡಗಳಿಗೂ ಬಳಸಬಹುದು. ಅದಕ್ಕಿಂತ ಸಣ್ಣದನ್ನು ತೋಟದ ನೆಲದಲ್ಲಿ ಹರಡಿ. ಬಚ್ಚಲಿಗೆ ಮಾತ್ರ ಸುರಿಯಬೇಡಿ, ಕೊಳವೆಯ ತಿರುವಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ನಾನೊಮ್ಮೆ ಸುರಿದು, ಕೊಳವೆ ಬಿಚ್ಚಿಸಿದ್ದೇನೆ.